ಕರೆಂಟ್ ಹೋದಾಗ ಆಂಟೆನಾ ಎಲ್ಲಿ ನಿಲ್ಲುತ್ತದೆ? ಹ್ಯಾಮ್ ಕೇಂದ್ರದ ರಿಲೇ ಪೆಟ್ಟಿಗೆಯ ಬಗ್ಗೆ

ತಾರಸಿಯ ಮೇಲೆ ಎರಡು ಮೂರು ಆಂಟೆನಾ ಕಟ್ಟಿದ ಹ್ಯಾಮ್‌ಗಳೆಲ್ಲ, ಅಂದರೆ ಹವ್ಯಾಸಿ ರೇಡಿಯೊದವರೆಲ್ಲ, ಒಂದಲ್ಲ ಒಂದು ದಿನ ರಿಲೇ ಪೆಟ್ಟಿಗೆಯ ವಿಚಾರಕ್ಕೆ ಬಂದೇ ಬರುತ್ತಾರೆ. 40 ಮೀಟರ್ ಬ್ಯಾಂಡಿಗೆ ಇಪ್ಪತ್ತು ಮೀಟರ್ ಉದ್ದದ ಇನ್ವರ್ಟೆಡ್ ವೀ, 20 ಮೀಟರ್ ಬ್ಯಾಂಡಿಗೆ ಒಂದು ಡೈಪೋಲ್, 10 ಮೀಟರಿಗೆ ಒಂದು ವರ್ಟಿಕಲ್ ಎಂದು ಬೆಳೆಯುತ್ತಾ ಹೋದಂತೆ ಪ್ರತಿಯೊಂದಕ್ಕೂ ಬೇರೆ ಕೋಆಕ್ಸ್ ಕೇಬಲ್ (ನಡು ತಂತಿಯ ಸುತ್ತ ಲೋಹದ ಹೊದಿಕೆಯಿರುವ ಆಂಟೆನಾ ಕೇಬಲ್) ಎಳೆಯುವುದು ದುಬಾರಿಯಾಗುತ್ತದೆ, ಕಿಟಕಿಯ ಚೌಕಟ್ಟಿನಲ್ಲಿ ಜಾಗವೂ ಉಳಿಯುವುದಿಲ್ಲ. ಆಗ ತಾರಸಿಯಲ್ಲೇ ಒಂದು ಪೆಟ್ಟಿಗೆ ಇಟ್ಟು, ಅದರೊಳಗೆ ರಿಲೇಗಳನ್ನು, ಅಂದರೆ ಕಾಯಿಲಿಗೆ (ತಂತಿಯ ಸುರುಳಿಗೆ) ವಿದ್ಯುತ್ ಕೊಟ್ಟಾಗ ತಿರುಗುವ ಸ್ವಿಚ್ಚುಗಳನ್ನು, ಕೂರಿಸಿ, ಕೆಳಗಿನ ರೇಡಿಯೊ ಕೋಣೆಗೆ ಒಂದೇ ಒಂದು ಕೋಆಕ್ಸ್ ಮತ್ತು ಒಂದು ತೆಳುವಾದ ಕಂಟ್ರೋಲ್ ಕೇಬಲ್ ಇಳಿಸುವುದು ಸಹಜವಾದ ದಾರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಇಂಥ ಪೆಟ್ಟಿಗೆಯನ್ನು ಮನೆಯಲ್ಲಿ ಕಟ್ಟಬಹುದು. ನಾನು ಬಳಸುತ್ತಿರುವುದೂ ಹಾಗೆ ಕಟ್ಟಿದ್ದೇ.

ಈ ಪೆಟ್ಟಿಗೆಯ ಬಗ್ಗೆ ಕೇಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ರಿಲೇ ಎಷ್ಟು ಆಂಪಿಯರಿನದ್ದು, ಎಷ್ಟು ವಾಟ್ ತಡೆಯುತ್ತದೆ ಎಂದು. ಆ ಪ್ರಶ್ನೆ ತಪ್ಪಲ್ಲ, ಆದರೆ ಅದು ಎರಡನೆಯ ಪ್ರಶ್ನೆ. ಕಾಯಿಲಿಗೆ ವಿದ್ಯುತ್ ಇಲ್ಲದಿದ್ದಾಗ ಪ್ರತಿಯೊಂದು ಆಂಟೆನಾ ಎಲ್ಲಿಗೆ ಸೇರಿಕೊಂಡಿರುತ್ತದೆ ಮತ್ತು ಆ ಸ್ಥಿತಿಗೆ ಅದು ಬರುವ ಕ್ಷಣದಲ್ಲಿ ಕೇಬಲಿನಲ್ಲಿ ಆರ್‌ಎಫ್, ಅಂದರೆ ಟ್ರಾನ್ಸ್‌ಮಿಟರಿನ ರೇಡಿಯೊ ಶಕ್ತಿ, ಇರುತ್ತದೆಯೇ ಇಲ್ಲವೇ ಎಂಬುದನ್ನು ಕಾಗದದ ಮೇಲೆ ತೀರ್ಮಾನಿಸಿಕೊಳ್ಳದೆ ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸುರಕ್ಷತೆಯ ಬಹುಪಾಲು ಆ ಎರಡು ಉತ್ತರಗಳಲ್ಲೇ ಇದೆ.

ಮೊದಲು ವಿಶ್ರಾಂತ ಸ್ಥಿತಿಯನ್ನು ನೋಡೋಣ. ಒಂದು ಆಂಟೆನಾಕ್ಕೆ ಒಂದು ರಿಲೇ ಎಂದಿಟ್ಟುಕೊಂಡರೆ, ರಿಲೇಯ ಕಾಮನ್ ತುದಿಯನ್ನು ಆಂಟೆನಾದ ಸಾಕೆಟ್ಟಿಗೂ, ನಾರ್ಮಲಿ ಕ್ಲೋಸ್ಡ್ (ವಿದ್ಯುತ್ ಇಲ್ಲದಾಗ ಕಾಮನ್ ತುದಿಗೆ ಸೇರಿರುವ) ತುದಿಯನ್ನು ಪೆಟ್ಟಿಗೆಯ ಗ್ರೌಂಡಿಗೂ, ನಾರ್ಮಲಿ ಓಪನ್ (ವಿದ್ಯುತ್ ಕೊಟ್ಟಾಗ ಸೇರುವ) ತುದಿಯನ್ನು ಕೆಳಗಿಳಿಯುವ ಕೋಆಕ್ಸಿಗೂ ಸೇರಿಸಬೇಕು. ಕಾಯಿಲಿಗೆ 12 ವೋಲ್ಟ್ ಕೊಟ್ಟಾಗ ಮಾತ್ರ ಆ ಆಂಟೆನಾ ರೇಡಿಯೊಗೆ ಸೇರುತ್ತದೆ. ಇಲ್ಲದಿದ್ದರೆ ನೆಲಕ್ಕೆ ಕಟ್ಟಿಹಾಕಿದಂತೆ ಇರುತ್ತದೆ. ಇದರಿಂದ ಆಗುವ ಮೊದಲ ಉಪಕಾರ ಸ್ಥಾಯಿ ವಿದ್ಯುತ್ತಿಗೆ ಸಂಬಂಧಿಸಿದ್ದು. ಬೇಸಿಗೆಯ ಕೊನೆಯಲ್ಲಿ ಒಣ ಧೂಳಿನ ಗಾಳಿ ಬೀಸುವಾಗ, ಮುಂಗಾರಿಗೆ ಮುಂಚಿನ ದಪ್ಪ ಹನಿಗಳು ಬೀಳುವಾಗ, ಎಲ್ಲಿಗೂ ಸೇರದೆ ನಿಂತ ತಂತಿಯಲ್ಲಿ ಆವೇಶ ಸಂಗ್ರಹವಾಗಿ ಸಾಕೆಟ್ಟಿನಲ್ಲಿ ಚಟಚಟ ಕಿಡಿ ಹಾರುವಷ್ಟು ವೋಲ್ಟೇಜ್ ಏರುತ್ತದೆ. ಗ್ರೌಂಡಿಗೆ ಸೇರಿಕೊಂಡ ಆಂಟೆನಾದಲ್ಲಿ ಅದು ಸಂಗ್ರಹವಾಗುವ ಪ್ರಶ್ನೆಯೇ ಇಲ್ಲ. ಬಳಕೆಯಲ್ಲಿರುವ ಆಂಟೆನಾಕ್ಕೂ ಈ ರಕ್ಷಣೆ ಬೇಕಾದ್ದರಿಂದ, ಕೋಆಕ್ಸಿನ ನಡು ತಂತಿಯಿಂದ ಗ್ರೌಂಡಿಗೆ ನೂರು ಕಿಲೋಓಮಿನ ಒಂದು ರೆಸಿಸ್ಟರ್ ಶಾಶ್ವತವಾಗಿ ಇರಲಿ.

ಎರಡನೆಯ ಉಪಕಾರ ಪ್ರತ್ಯೇಕತೆಯದ್ದು. ತೆರೆದ ಸಂಪರ್ಕಗಳ ನಡುವೆ ಒಂದು ಪಿಕೋಫ್ಯಾರಡಿನಷ್ಟು ಕೆಪಾಸಿಟೆನ್ಸ್ ಇದ್ದೇ ಇರುತ್ತದೆ ಎಂದುಕೊಳ್ಳೋಣ. 3.5 ಮೆಗಾಹರ್ಟ್ಸಿನಲ್ಲಿ ಅದರ ರಿಯಾಕ್ಟೆನ್ಸ್ (ಎಸಿಗೆ ಒಡ್ಡುವ ತಡೆ) ಸುಮಾರು 45 ಕಿಲೋಓಮ್, ಹಾಗಾಗಿ 50 ಓಮಿನ ವ್ಯವಸ್ಥೆಯಲ್ಲಿ ಸೋರಿಕೆ ಮೂಲ ಸಿಗ್ನಲ್ಲಿಗಿಂತ 53 ಡೆಸಿಬೆಲ್ ಕೆಳಗಿರುತ್ತದೆ. 30 ಮೆಗಾಹರ್ಟ್ಸಿಗೆ ಬಂದರೆ ಆ ಅಂತರ 34 ಡೆಸಿಬೆಲ್ಲಿಗೆ ಇಳಿಯುತ್ತದೆ. 144 ಮೆಗಾಹರ್ಟ್ಸಿನಲ್ಲಿ 21 ಡೆಸಿಬೆಲ್ ಮಾತ್ರ ಉಳಿಯುತ್ತದೆ, ಅಂದರೆ 100 ವಾಟಿನಲ್ಲಿ ಮುಕ್ಕಾಲು ವಾಟಿಗಿಂತ ಹೆಚ್ಚು ಶಕ್ತಿ ಪಕ್ಕದ ದಾರಿಗೆ ಸೋರುತ್ತದೆ. ಆ ಪಕ್ಕದ ದಾರಿಯಲ್ಲಿ ಇನ್ನೊಂದು ರಿಸೀವರ್ ಇದ್ದರೆ ಅದರ ಮುಂಭಾಗ ಸುಡಲು ಇಷ್ಟು ಧಾರಾಳ ಸಾಕು. ಬಳಸದ ಆಂಟೆನಾದ ತುದಿ ಗ್ರೌಂಡಿಗೆ ಸೇರಿದ್ದರೆ ಸೋರಿಕೆ ಇನ್ನೂ ಬಹಳಷ್ಟು ತಗ್ಗುತ್ತದೆ. 144 ಮೆಗಾಹರ್ಟ್ಸಿನಂಥ ವಿಎಚ್‌ಎಫ್ ಬ್ಯಾಂಡುಗಳಲ್ಲಿ ಕೆಲಸ ಮಾಡುವವರು ಆಟಿಕೆಯಂಥ ಪುಟ್ಟ ಪವರ್ ರಿಲೇಗಳನ್ನು ಬಿಟ್ಟು ಕೋಆಕ್ಸಿಯಲ್ ರಿಲೇಗಳಿಗೇ ಹೋಗುವುದು ಈ ಲೆಕ್ಕದಿಂದಲೇ.

ಗ್ರೌಂಡ್ ಮಾಡುವುದರಲ್ಲಿ ಒಂದು ಸೂಕ್ಷ್ಮವಿದೆ. ನಾವು ಗ್ರೌಂಡ್ ಮಾಡುವುದು ಆಂಟೆನಾದ ಫೀಡ್ ಬಿಂದುವನ್ನಲ್ಲ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗವನ್ನಲ್ಲ), ಅದರ ಕೇಬಲಿನ ಈಚೆ ತುದಿಯನ್ನು. ಕೇಬಲಿನ ಉದ್ದ ಕಾಲು ತರಂಗವಾದರೆ ಇಲ್ಲಿನ ಶಾರ್ಟ್ ಅಲ್ಲಿ ಓಪನ್ ಆಗಿ ಕಾಣುತ್ತದೆ. ಅರ್ಧ ತರಂಗವಾದರೆ ಶಾರ್ಟ್ ಆಗಿಯೇ ಕಾಣುತ್ತದೆ. 7.1 ಮೆಗಾಹರ್ಟ್ಸಿನಲ್ಲಿ ಸಾಮಾನ್ಯ ಪಾಲಿಥೀನ್ ಕೇಬಲಿನ ಕಾಲು ತರಂಗ ಸುಮಾರು 7 ಮೀಟರ್. ಒಂದೇ ಬ್ಯಾಂಡಿನ ಎರಡು ಆಂಟೆನಾಗಳು ಹತ್ತಿರ ಹತ್ತಿರ ಇದ್ದರೆ, ಬಳಸದ ಆಂಟೆನಾ ಬಳಸುವ ಆಂಟೆನಾದ ದಿಕ್ಕನ್ನೂ ಎಸ್‌ಡಬ್ಲ್ಯುಆರನ್ನೂ (ಆಂಟೆನಾ ಕೇಬಲಿಗೆ ಎಷ್ಟು ಹೊಂದಿಕೊಂಡಿದೆ ಎಂಬ ಅಳತೆಯನ್ನೂ) ಕದಡುವುದೋ ಇಲ್ಲವೋ ಎಂಬುದು ಈ ಉದ್ದದ ಮೇಲೆ ನಿಂತಿದೆ. ಹಾಗೆ ಕದಡಿದರೆ ಕೇಬಲಿನ ಉದ್ದವನ್ನು ಬದಲಿಸಿ ಸರಿಪಡಿಸಿ. ಗ್ರೌಂಡ್ ಸಂಪರ್ಕವನ್ನು ಮಾತ್ರ ತೆಗೆಯಬೇಡಿ.

ಸಿಡಿಲಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಏಕೆಂದರೆ ರಿಲೇ ಪೆಟ್ಟಿಗೆಯಿಂದ ಸಿಡಿಲಿನ ರಕ್ಷಣೆ ದೊರೆಯುತ್ತದೆ ಎಂಬ ನಂಬಿಕೆ ಅಪಾಯಕಾರಿ. ತೆರೆದ ಸಂಪರ್ಕಗಳ ನಡುವಿನ ಅಂತರ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಒಂದು ಮಿಲಿಮೀಟರ್ ಗಾಳಿ ತಡೆಯುವುದು ಸುಮಾರು 3,000 ವೋಲ್ಟನ್ನು. ಸಿಡಿಲಿನ ಮೊದಲ ಹೊಡೆತದಲ್ಲಿ ಹರಿಯುವ ಪ್ರವಾಹ ಸಾಮಾನ್ಯವಾಗಿ 30,000 ಆಂಪಿಯರಿನ ಆಸುಪಾಸಿನದ್ದು. ಇವೆರಡಕ್ಕೂ ಯಾವ ಹೋಲಿಕೆಯೂ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಆಗ್ನೇಯದಲ್ಲಿ ಮೋಡ ಕಪ್ಪಗಾದರೆ ಕೇಬಲನ್ನು ಕೈಯಾರೆ ಬಿಚ್ಚಿ, ಮನೆಯ ಹೊರಗೇ ಗ್ರೌಂಡ್ ಮಾಡಿದ ಲೋಹದ ಫಲಕಕ್ಕೆ ತಗುಲಿಸುವ ಅಭ್ಯಾಸವನ್ನು ಯಾವ ರಿಲೇಯೂ ಬದಲಿಸಲಾರದು. ಕಂಟ್ರೋಲ್ ಕೇಬಲನ್ನೂ ಬಿಚ್ಚಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಸಿಡಿಲಿನ ಪ್ರವಾಹಕ್ಕೆ ಅದೂ ಒಂದು ದಾರಿಯೇ. ಗುಡುಗು ಕೇಳಿಸುವಷ್ಟು ಹತ್ತಿರ ಬಂದ ಮೇಲೆ ಬಿಚ್ಚಲು ಹೋಗಬಾರದು. ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್ (ಮಿತಿ ಮೀರಿದ ವೋಲ್ಟೇಜನ್ನು ಗ್ರೌಂಡಿಗೆ ಹರಿಸುವ ಅನಿಲದ ಕೊಳವೆ) ಹಾಕುವುದು ಒಳ್ಳೆಯದು, ಆದರೆ ಅದು ದೂರದ ಸಿಡಿಲಿನ ಪ್ರೇರಿತ ವೋಲ್ಟೇಜನ್ನು ತಡೆಯುವಷ್ಟರ ಮಟ್ಟಿಗೆ ಮಾತ್ರ. 100 ವಾಟಿನ ಕೇಂದ್ರಕ್ಕೆ 230 ವೋಲ್ಟಿನ ಟ್ಯೂಬ್ ಸಾಕು. 400 ವಾಟಿಗೆ ಅದು ಸ್ವಂತ ಸಿಗ್ನಲ್ಲಿಗೇ ಹೊತ್ತಿಕೊಳ್ಳಬಹುದಾದ್ದರಿಂದ 600 ವೋಲ್ಟಿನದ್ದು ಬೇಕು.

ಇನ್ನು ಎರಡನೆಯ ಉತ್ತರಕ್ಕೆ ಬರುತ್ತೇನೆ. ಆರ್‌ಎಫ್ ಹರಿಯುತ್ತಿರುವಾಗ ರಿಲೇ ತಿರುಗುವುದನ್ನು ನಾವು ಹಾಟ್ ಸ್ವಿಚಿಂಗ್ ಎನ್ನುತ್ತೇವೆ. ರಿಲೇಯ ಮೈಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಅಚ್ಚಾಗಿರುವುದನ್ನು ನೋಡಿ, ನಮ್ಮ 100 ವಾಟಿಗೆ ಹರಿಯುವುದು 1.4 ಆಂಪಿಯರ್ ಮಾತ್ರ, ಇರುವುದು 71 ವೋಲ್ಟ್ ಮಾತ್ರ, ಹಾಗಾಗಿ ಭಯವಿಲ್ಲ ಎಂದು ವಾದಿಸುವವರಿದ್ದಾರೆ. ಮುಚ್ಚಿದ ಸಂಪರ್ಕದ ಮೂಲಕ ಪ್ರವಾಹ ಹಾಯುವ ಮಟ್ಟಿಗೆ ಆ ವಾದ ಸರಿ. ಸಂಪರ್ಕವನ್ನು ಬಿಡಿಸುವ ಮಟ್ಟಿಗೆ ಅದು ಸರಿಯಲ್ಲ. ಆ ಅಚ್ಚಿನ ಅಂಕಿ 50 ಹರ್ಟ್ಸಿನದ್ದು; ಅಲ್ಲಿ ಪ್ರವಾಹ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಬರುತ್ತದೆ, ಕಿಡಿ ಆರುತ್ತದೆ, ನಡುವಿನ ಗಾಳಿ ತಣ್ಣಗಾಗಿ ಮತ್ತೆ ನಿರೋಧಕವಾಗುತ್ತದೆ. 7 ಮೆಗಾಹರ್ಟ್ಸಿನಲ್ಲೂ ಪ್ರವಾಹ ಸೊನ್ನೆಗೆ ಬರುತ್ತದೆ, ಸೆಕೆಂಡಿಗೆ ಒಂದು ಕೋಟಿ ನಲವತ್ತು ಲಕ್ಷ ಸಲ. ಆದರೆ ಆ ಸೊನ್ನೆಯ ಗಳಿಗೆ ಎಷ್ಟು ಚಿಕ್ಕದೆಂದರೆ ಅಯಾನೀಕೃತ ಗಾಳಿಗೆ ತಣ್ಣಗಾಗುವ ವ್ಯವಧಾನವೇ ಇರುವುದಿಲ್ಲ. ಕಿಡಿ ಜ್ವಾಲೆಯಾಗಿ ಉಳಿಯುತ್ತದೆ. ಇದರ ಜೊತೆಗೆ, ಸಂಪರ್ಕ ಬಿಟ್ಟ ಕ್ಷಣದಲ್ಲಿ ಟ್ರಾನ್ಸ್‌ಮಿಟರಿಗೆ ಎದುರಿನಲ್ಲಿ ಓಪನ್ ಸರ್ಕಿಟ್ ಕಾಣುವುದರಿಂದ ಅಲ್ಲಿನ ವೋಲ್ಟೇಜ್ ಇಮ್ಮಡಿಯ ಕಡೆಗೆ ಏರುತ್ತದೆ. 400 ವಾಟಿನಲ್ಲಿ ಶಿಖರ ವೋಲ್ಟೇಜ್ 200ರಿಂದ 400ಕ್ಕೆ ಹೋಗುತ್ತದೆ. ಲೀನಿಯರಿನ, ಅಂದರೆ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರಿನ, ಟ್ರಾನ್ಸಿಸ್ಟರುಗಳಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಪರಿಣಾಮ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಗೆಳೆಯರೊಬ್ಬರ ಪೆಟ್ಟಿಗೆಯಿಂದ ಬಿಚ್ಚಿ ತಂದ ನೀಲಿ ಬಣ್ಣದ ಪುಟ್ಟ ರಿಲೇಯ ಮುಚ್ಚಳವನ್ನು ಬ್ಲೇಡಿನಿಂದ ಕೊಯ್ದು ಭೂತಗನ್ನಡಿಯಲ್ಲಿ ನೋಡಿದಾಗ, ಹೊಳೆಯಬೇಕಾಗಿದ್ದ ಬೆಳ್ಳಿ ಮಿಶ್ರಲೋಹದ ಗುಂಡಿಯ ನಡುವೆ ಒಂದು ಕಪ್ಪು ಕುಳಿ, ಅದರ ಎದುರಿನ ಗುಂಡಿಯ ಮೇಲೆ ಅದೇ ಆಕಾರದ ಒಂದು ಗುಬುಟು, ಎರಡೂ ಒಂದಕ್ಕೊಂದು ಕಚ್ಚಿಕೊಂಡು ಬೆಸೆದುಹೋಗಿದ್ದವು. ಕಾಯಿಲಿಗೆ ವಿದ್ಯುತ್ ತೆಗೆದರೂ ಸ್ಪ್ರಿಂಗಿಗೆ ಅದನ್ನು ಬಿಡಿಸುವ ಬಲವಿರಲಿಲ್ಲ. ಸೂಜಿಯ ತುದಿಯಿಂದ ಒತ್ತಿದಾಗ ಟಿಕ್ ಎಂದು ಬಿಟ್ಟಿತು. ಇಲ್ಲಿ ಗಮನಿಸಬೇಕಾದದ್ದು ರಿಲೇ ಹಾಳಾಯಿತು ಎಂಬುದನ್ನಲ್ಲ, ಅದರ ಬೆಲೆ ಅತ್ಯಲ್ಪ. ಬೆಸೆದುಹೋದ ರಿಲೇಯಿಂದಾಗಿ ಆ ಆಂಟೆನಾ ಯಾವಾಗಲೂ ರೇಡಿಯೊಗೇ ಸೇರಿಕೊಂಡಿರುತ್ತದೆ, ಎಂದಿಗೂ ಗ್ರೌಂಡಿಗೆ ಹೋಗುವುದಿಲ್ಲ. ಕೆಳಗೆ ಕುಳಿತವರು ಸ್ವಿಚ್ಚನ್ನು ಆಫ್ ಸ್ಥಾನಕ್ಕೆ ತಿರುಗಿಸಿ, ಎಲ್ಲ ಆಂಟೆನಾಗಳೂ ನೆಲಕ್ಕೆ ಸೇರಿವೆ ಎಂಬ ನೆಮ್ಮದಿಯಲ್ಲಿ ಎದ್ದು ಹೋಗಿರುತ್ತಾರೆ. ಹಾಟ್ ಸ್ವಿಚಿಂಗ್‌ನಿಂದ ಹಾಳಾಗುವುದು ವಿಶ್ರಾಂತ ಸ್ಥಿತಿಯ ಸುರಕ್ಷತೆಯೇ. ಈ ಕಾರಣಕ್ಕೇ ಎರಡು ಪ್ರಶ್ನೆಗಳನ್ನೂ ಜೊತೆಯಾಗಿ ಕೇಳಬೇಕು ಎನ್ನುತ್ತೇನೆ.

ಮಾತಾಡುತ್ತಿರುವಾಗ ನಾನು ಸ್ವಿಚ್ ಮುಟ್ಟುವುದಿಲ್ಲ ಎಂಬ ಎಚ್ಚರಿಕೆ ಸಾಲದು. ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಪ್ರತಿ 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡು ಕಂಪ್ಯೂಟರೇ ಟ್ರಾನ್ಸ್‌ಮಿಟ್ ಮಾಡುತ್ತಿರುತ್ತದೆ. ಆಗ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುವುದು ಸುಲಭ. ರೋಟರಿ ಸ್ವಿಚ್ಚಾದರೆ ಒಂದರಿಂದ ನಾಲ್ಕಕ್ಕೆ ಹೋಗುವಾಗ ಎರಡು ಮತ್ತು ಮೂರನ್ನೂ ಹಾದು ಹೋಗುತ್ತದೆ. ಆದ್ದರಿಂದ ತಡೆ ಸರ್ಕಿಟ್ಟಿನಲ್ಲೇ ಇರಬೇಕು. ನನಗೆ ಮೆಚ್ಚಿಗೆಯಾಗಿರುವ ದಾರಿ 74ಎಚ್‌ಸಿ373 ಲ್ಯಾಚ್ ಐಸಿಯದ್ದು. ಅದರ ಲ್ಯಾಚ್ ಎನೇಬಲ್ ಪಿನ್ನು ಮೇಲಿದ್ದಾಗ ಸ್ವಿಚ್ಚಿನ ಆಯ್ಕೆ ನೇರವಾಗಿ ಮುಂದಕ್ಕೆ ಹೋಗುತ್ತದೆ. ಕೆಳಗಿಳಿದರೆ ಆ ಕ್ಷಣದ ಆಯ್ಕೆಯೇ ಹಿಡಿದು ನಿಲ್ಲುತ್ತದೆ. ಪಿಟಿಟಿ, ಅಂದರೆ ಟ್ರಾನ್ಸ್‌ಮಿಟ್ ಗುಂಡಿ, ಒತ್ತಿದಾಗ ಆ ಪಿನ್ನನ್ನು ಕೆಳಗೆಳೆಯುವಂತೆ ಒಂದು ಆಪ್ಟೊಕಪ್ಲರ್ (ಬೆಳಕಿನಿಂದ ಸಂಕೇತ ದಾಟಿಸುವ ಐಸಿ) ಮೂಲಕ ಜೋಡಿಸಿದರೆ, ಟ್ರಾನ್ಸ್‌ಮಿಟ್ ಮಾಡುವಾಗ ಸ್ವಿಚ್ಚನ್ನು ಎಷ್ಟು ತಿರುಗಿಸಿದರೂ ತಾರಸಿಯ ರಿಲೇ ಕದಲುವುದಿಲ್ಲ. ಮೋರ್ಸ್ ಬಳಸುವವರು ಪಿಟಿಟಿ ಬಿಟ್ಟ ಮೇಲೂ ಅರ್ಧ ಸೆಕೆಂಡು ಈ ಹಿಡಿತ ಉಳಿಯುವಂತೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಚುಕ್ಕೆ ಗೆರೆಗಳ ನಡುವಿನ ಬಿಡುವಿನಲ್ಲೇ ರಿಲೇ ತಿರುಗಿ, ಮುಂದಿನ ಚುಕ್ಕೆ ಅರ್ಧದಾರಿಯಲ್ಲಿರುವ ಸಂಪರ್ಕದ ಮೇಲೆ ಬೀಳುತ್ತದೆ.

ಇದಕ್ಕಿಂತಲೂ ಹೆಚ್ಚು ಅವಗಣನೆಗೆ ಒಳಗಾಗಿರುವ ಸಂದರ್ಭ ಒಂದಿದೆ, ಅದು ನಮ್ಮ ಊರುಗಳಿಗೆ ಬಹಳ ಸಲ್ಲುವಂಥದ್ದು. ಕರೆಂಟ್ ಹೋದರೂ ಮಾತು ನಿಲ್ಲದಿರಲಿ ಎಂದು ರೇಡಿಯೊವನ್ನು ಬ್ಯಾಟರಿಯ ಮೇಲೆ ನಡೆಸುತ್ತೇವೆ. ರಿಲೇ ಪೆಟ್ಟಿಗೆಗೆ ಮಾತ್ರ ಗೋಡೆಯ ಸಾಕೆಟ್ಟಿನಿಂದ ಒಂದು ಪುಟ್ಟ ಅಡಾಪ್ಟರ್. ಟ್ರಾನ್ಸ್‌ಮಿಟ್ ಮಾಡುತ್ತಿರುವಾಗಲೇ ಕರೆಂಟ್ ಹೋಯಿತೆನ್ನಿ: ರೇಡಿಯೊ ಪೂರ್ಣ ಶಕ್ತಿಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ, ಮೇಲೆ ರಿಲೇ ಮಾತ್ರ ಬಿದ್ದುಹೋಗುತ್ತದೆ. ಲ್ಯಾಚಿಗೂ ವಿದ್ಯುತ್ ಇಲ್ಲದಿರುವುದರಿಂದ ಅದರ ತಡೆ ಇಲ್ಲಿ ಉಪಯೋಗಕ್ಕೆ ಬಾರದು. ಪರಿಹಾರ ಕಷ್ಟದ್ದಲ್ಲ. ರಿಲೇ ಪೆಟ್ಟಿಗೆಯನ್ನೂ ಅದೇ ಬ್ಯಾಟರಿಗೆ ಫ್ಯೂಸ್ ಮೂಲಕ ಸೇರಿಸಿ. ಪಿಟಿಟಿಯ ತಂತಿ ಇನ್ನೊಂದು ಸಣ್ಣ ರಿಲೇಯ ಮೂಲಕ ಹಾಯಲಿ, ಆ ರಿಲೇಗೆ ವಿದ್ಯುತ್ ಪೆಟ್ಟಿಗೆಯ ಸರಬರಾಜಿನಿಂದಲೇ ಬರಲಿ. ಸರಬರಾಜು ಹೋದರೆ ಪಿಟಿಟಿಯೂ ಬಿಡುತ್ತದೆ. ಆದರೆ ಎರಡೂ ಒಟ್ಟಿಗೆ ಬಿಟ್ಟರೆ ಸಾಲದು, ಆರ್‌ಎಫ್ ಮೊದಲು ನಿಲ್ಲಬೇಕು. ಅದಕ್ಕಾಗಿ ಆಂಟೆನಾ ರಿಲೇಗಳ ಮತ್ತು ಲ್ಯಾಚಿನ ಸರಬರಾಜಿಗೆ ಮಾತ್ರ, ಒಂದು ಡಯೋಡಿನ ಆಚೆ, 2,200 ಮೈಕ್ರೊಫ್ಯಾರಡಿನ ಕೆಪಾಸಿಟರ್ ಕೂರಿಸಬೇಕು. 400 ಓಮ್ ಕಾಯಿಲಿನ ರಿಲೇಯೊಂದು ಹಿಡಿದುಕೊಂಡಿರಲು ಅದರಿಂದ ಕೆಲವು ನೂರು ಮಿಲಿಸೆಕೆಂಡು ಸಿಗುತ್ತದೆ. ಬೇಕಾಗಿರುವುದು ಹತ್ತಿಪ್ಪತ್ತು ಮಿಲಿಸೆಕೆಂಡು.

ಸಮಯದ ಮಾತು ಬಂದದ್ದರಿಂದ ಡಯೋಡಿನ ಬಗ್ಗೆಯೂ ಹೇಳಬೇಕು. ಈ ಬಗೆಯ ರಿಲೇ ಎಳೆದುಕೊಳ್ಳಲು ಸುಮಾರು 10 ಮಿಲಿಸೆಕೆಂಡು, ಬಿಡಲು 5 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ತಯಾರಕರ ಹಾಳೆಯಲ್ಲಿ ಇರುತ್ತದೆ. ವಿದ್ಯುತ್ ತೆಗೆದಾಗ ಕಾಯಿಲಿನಲ್ಲಿ ಏಳುವ ವೋಲ್ಟೇಜನ್ನು ತಡೆಯಲು ಅದಕ್ಕೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿದ ಮೇಲೆ ಬಿಡುವ ಸಮಯ ಅಷ್ಟೇ ಇರುವುದಿಲ್ಲ, ಪ್ರವಾಹ ಡಯೋಡಿನಲ್ಲೇ ಸುತ್ತುತ್ತಾ ನಿಧಾನವಾಗಿ ಇಳಿಯುವುದರಿಂದ ಅದು ಎರಡು ಮೂರು ಪಟ್ಟು ಹೆಚ್ಚಾಗುತ್ತದೆ, ಸಂಪರ್ಕಗಳು ಬಿಡುವ ವೇಗವೂ ತಗ್ಗುತ್ತದೆ. ಡಯೋಡಿನ ಜೊತೆ ಸರಣಿಯಲ್ಲಿ 24 ವೋಲ್ಟಿನ ಝೀನರ್ ಡಯೋಡ್ ಹಾಕಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಯುಎಲ್‌ಎನ್2003 ಚಾಲಕ ಐಸಿಯ ಕಾಮನ್ ಪಿನ್ನಿನಿಂದ ಸರಬರಾಜಿಗೆ ಹೋಗುವ ದಾರಿಯಲ್ಲಿ ಒಂದೇ ಝೀನರ್ ಏಳೂ ರಿಲೇಗಳಿಗೆ ಸಾಕು. 12 ಮತ್ತು 24 ಸೇರಿ 36 ವೋಲ್ಟ್, ಆ ಐಸಿಯ ಮಿತಿ 50.

ಸುಡು ಬಿಸಿಲಿನಲ್ಲಿ ಪೆಟ್ಟಿಗೆ ಇಟ್ಟವರು ಕಾಯಿಲಿನ ವೋಲ್ಟೇಜನ್ನು ಲೆಕ್ಕ ಹಾಕಲೇಬೇಕು. 12 ವೋಲ್ಟಿನ ಕಾಯಿಲು ತಪ್ಪದೆ ಎಳೆದುಕೊಳ್ಳಲು 75 ಪ್ರತಿಶತ, ಅಂದರೆ 9 ವೋಲ್ಟ್ ಸಾಕು ಎಂದು ಬರೆದಿರುವುದು 20-23 ಡಿಗ್ರಿ ತಾಪಮಾನಕ್ಕೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ 0.39 ಪ್ರತಿಶತ ಏರುತ್ತದೆ. ರಾಯಚೂರಿನ ಅಥವಾ ಕಲಬುರಗಿಯ ಮೇ ತಿಂಗಳ ತಾರಸಿಯಲ್ಲಿ ಮುಚ್ಚಿದ ಪೆಟ್ಟಿಗೆಯ ಒಳಗೆ 60 ಡಿಗ್ರಿ ಆಯಿತೆಂದರೆ ಅದೇ ಕಾಯಿಲಿಗೆ 10.4 ವೋಲ್ಟ್ ಬೇಕಾಗುತ್ತದೆ. ಬ್ಯಾಟರಿ ಇಳಿದು 11.5ಕ್ಕೆ ಬಂದಿದ್ದು, ಚಾಲಕ ಐಸಿಯಲ್ಲಿ ಇನ್ನೊಂದು ವೋಲ್ಟ್ ಹೋದರೆ ಉಳಿಯುವ ಅಂಚು ಏನೂ ಇಲ್ಲ. ಅರೆಬರೆ ಎಳೆದುಕೊಂಡ ರಿಲೇಯಲ್ಲಿ ಸಂಪರ್ಕದ ಒತ್ತಡ ಕಡಿಮೆ, ರೋಧ ಹೆಚ್ಚು, ಬಿಸಿ ಹೆಚ್ಚು. 0.1 ಓಮ್ ಸಂಪರ್ಕ ರೋಧದಲ್ಲಿ 400 ವಾಟಿನ 2.8 ಆಂಪಿಯರ್ ಹರಿದರೇ ಮುಕ್ಕಾಲು ವಾಟ್ ಶಾಖ ಒಂದು ಸಾಸಿವೆಯಷ್ಟು ಜಾಗದಲ್ಲಿ ಹುಟ್ಟುತ್ತದೆ. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು ನೀರಿನ ತೊಟ್ಟಿಯ ನೆರಳಿನಲ್ಲಿ ಇಡುವುದು ಒಳ್ಳೆಯ ಎಂಜಿನಿಯರಿಂಗ್. ಕಂಟ್ರೋಲ್ ಕೇಬಲಿನ ನಷ್ಟ ಮಾತ್ರ ಇಲ್ಲಿ ದೊಡ್ಡದಲ್ಲ. 30 ಮೀಟರ್ ನೆಟ್‌ವರ್ಕ್ ಕೇಬಲಿನ ಹೋಗಿ ಬರುವ ದಾರಿ 5 ಓಮ್, 30 ಮಿಲಿಆಂಪಿಯರಿಗೆ 0.15 ವೋಲ್ಟ್. ಕಾಯಿಲಿಗೆ ನೇರವಾಗಿ 230 ವೋಲ್ಟ್ ಕೊಡುವ ರಿಲೇಗಳನ್ನು ಮಳೆ ಬೀಳುವ ತಾರಸಿಗೆ ಎಂದಿಗೂ ಒಯ್ಯಬಾರದು.

ಕಂಟ್ರೋಲ್ ಕೇಬಲ್ ಆಂಟೆನಾಗಳ ಕೆಳಗೇ ಹಾಯುವುದರಿಂದ ಅದೂ ಆರ್‌ಎಫ್ ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ಬರುವ ಪ್ರತಿ ಎಳೆಯಿಂದ ಗ್ರೌಂಡಿಗೆ 10 ನ್ಯಾನೊಫ್ಯಾರಡಿನ ಸಿರಾಮಿಕ್ ಕೆಪಾಸಿಟರ್, ಎರಡೂ ತುದಿಗಳಲ್ಲಿ ಫೆರೈಟ್ ಉಂಗುರದ ಮೇಲೆ ಕೆಲವು ಸುತ್ತು, ಇಷ್ಟು ಮಾಡಿದರೆ ಟ್ರಾನ್ಸ್‌ಮಿಟ್ ಮಾಡಿದಾಗ ರಿಲೇ ತಾನಾಗಿ ನಡುಗುವ ತೊಂದರೆ ಬರುವುದಿಲ್ಲ. ಕೋಆಕ್ಸಿನಲ್ಲೇ ಡಿಸಿ ಕಳುಹಿಸುವ ಜಾಣತನವೂ ಇದೆ. ಆಗ ಚೋಕಿನ, ಅಂದರೆ ಡಿಸಿಯನ್ನು ಬಿಟ್ಟು ಆರ್‌ಎಫನ್ನು ತಡೆಯುವ ಸುರುಳಿಯ, ರಿಯಾಕ್ಟೆನ್ಸ್ ಅತಿ ಕೆಳಗಿನ ಬ್ಯಾಂಡಿನಲ್ಲೂ 500 ಓಮಿಗಿಂತ ಹೆಚ್ಚಿರಬೇಕು, 3.5 ಮೆಗಾಹರ್ಟ್ಸಿಗೆ ಸುಮಾರು 25 ಮೈಕ್ರೊಹೆನ್ರಿ. ನಾನು ಬೇರೆ ಕೇಬಲನ್ನೇ ಇಷ್ಟಪಡುತ್ತೇನೆ, ದೋಷ ಹುಡುಕುವುದು ಸುಲಭ.

ಕರಾವಳಿಯವರಿಗೆ ಇನ್ನೊಂದು ಮಾತು. 10 ಆಂಪಿಯರಿನ ಬೆಳ್ಳಿ ಸಂಪರ್ಕಗಳನ್ನು ಮಾಡಿರುವುದು ಒಂದಿಷ್ಟು ಪ್ರವಾಹ ಹರಿದು ಮೇಲಿನ ಪೊರೆ ಸುಡುತ್ತಿರಲಿ ಎಂಬ ಎಣಿಕೆಯಿಂದ. ಕೇಳುವುದೇ ಹೆಚ್ಚಾಗಿ, ಟ್ರಾನ್ಸ್‌ಮಿಟ್ ಮಾಡುವುದು ಕಡಿಮೆಯಾದ ಕೇಂದ್ರದಲ್ಲಿ ಆ ಸಂಪರ್ಕದ ಮೂಲಕ ಹಾಯುವುದು ಮೈಕ್ರೊವೋಲ್ಟಿನ ಸಿಗ್ನಲ್ ಮಾತ್ರ. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಪೊರೆ ಬೇಗ ಕಟ್ಟುತ್ತದೆ, ರಿಸೀವರ್ ಕಿವುಡಾದಂತೆ ಭಾಸವಾಗುತ್ತದೆ, ಒಮ್ಮೆ ಟ್ರಾನ್ಸ್‌ಮಿಟ್ ಮಾಡಿದ ಕೂಡಲೇ ಸರಿಹೋಗುತ್ತದೆ. ಪೂರ್ಣವಾಗಿ ಮುದ್ರೆ ಹಾಕಿದ, ಅಂದರೆ ಸೀಲ್ಡ್ ಮಾದರಿಯ ರಿಲೇಗಳನ್ನೇ ಕೇಳಿ ಕೊಳ್ಳಬೇಕು. ಪೆಟ್ಟಿಗೆಯ ತಳದಲ್ಲಿ ನೀರು ಇಳಿಯಲು ಒಂದು ಸಣ್ಣ ತೂತು, ಅದಕ್ಕೆ ಇರುವೆ ಹೋಗದಂಥ ಜಾಲರಿ ಇರಲಿ.

ರಿಲೇಗಳ ನಡುವಿನ ಜೋಡಣೆಗೆ ತಂತಿಯ ಬದಲು ಅಗಲವಾದ ತಾಮ್ರದ ಪಟ್ಟಿ ಬಳಸಿ. 5 ಸೆಂಟಿಮೀಟರ್ ತೆಳು ತಂತಿ ಎಂದರೆ 50 ನ್ಯಾನೊಹೆನ್ರಿ, 3.5 ಮೆಗಾಹರ್ಟ್ಸಿನಲ್ಲಿ ಅದು ಲೆಕ್ಕಕ್ಕಿಲ್ಲ, 30 ಮೆಗಾಹರ್ಟ್ಸಿನಲ್ಲಿ 9 ಓಮ್ ಆಗಿ ಎಸ್‌ಡಬ್ಲ್ಯುಆರನ್ನು 1.2ಕ್ಕೆ ಒಯ್ಯುತ್ತದೆ. ನ್ಯಾನೊವಿಎನ್‌ಎ (ಆಂಟೆನಾ, ಕೇಬಲುಗಳನ್ನು ಅಳೆಯುವ ಪುಟ್ಟ ಉಪಕರಣ) ಇದ್ದವರು ಪ್ರತಿ ಸಾಕೆಟ್ಟಿಗೂ 50 ಓಮಿನ ಲೋಡ್ ಹಾಕಿ ಪೆಟ್ಟಿಗೆಯನ್ನು ಮೇಜಿನ ಮೇಲೆಯೇ ಅಳೆದು, ಆ ಅಂಕಿಗಳನ್ನು ಮುಚ್ಚಳದ ಒಳಗೆ ಅಂಟಿಸಿಡುವುದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರತಿ ವರ್ಷ ಮಾರ್ಚ್ ಕೊನೆಯಲ್ಲಿ, ಮೊದಲ ಗುಡುಗಿಗೆ ಮುಂಚೆ, ಒಂದು ಪರೀಕ್ಷೆ ಮಾಡಿ; ಅದಕ್ಕೆ ಬೇಕಾದದ್ದು ಮಲ್ಟಿಮೀಟರ್ ಮಾತ್ರ. ಪೆಟ್ಟಿಗೆಯ ವಿದ್ಯುತ್ ತೆಗೆದು, ಎಲ್ಲ ಆಂಟೆನಾ ಕೇಬಲುಗಳನ್ನೂ ಬಿಚ್ಚಿ, ಪ್ರತಿ ಸಾಕೆಟ್ಟಿನ ನಡು ಪಿನ್ನಿನಿಂದ ಅದರ ಮೈಗೆ ರೋಧ ಅಳೆಯಬೇಕು. ಕೇಬಲ್ ಬಿಚ್ಚದೆ ಅಳೆದರೆ ಫೋಲ್ಡೆಡ್ ಡೈಪೋಲ್, ಲೂಪ್ ಮೊದಲಾದ ಆಂಟೆನಾಗಳು ತಾವೇ ಸೊನ್ನೆ ತೋರಿಸುತ್ತವೆ, ರಿಲೇಯ ಸ್ಥಿತಿ ತಿಳಿಯುವುದಿಲ್ಲ. ಎಲ್ಲವೂ ಸೊನ್ನೆಯ ಹತ್ತಿರ ಇರಬೇಕು. ಒಂದು ಸಾಕೆಟ್ ಮಾತ್ರ ಓಪನ್ ಅಥವಾ ನೂರು ಕಿಲೋಓಮ್ ತೋರಿಸಿದರೆ ಆ ರಿಲೇ ರೇಡಿಯೊ ಕಡೆಯ ಸಂಪರ್ಕಕ್ಕೆ ಬೆಸೆದುಕೊಂಡಿದೆ ಅಥವಾ ಅದರ ಗ್ರೌಂಡ್ ಸಂಪರ್ಕ ಕೊಳೆತಿದೆ ಎಂದು ಅರ್ಥ. ತಟ್ಟಿ ನೋಡಿದಾಗ ಸರಿಹೋದರೂ ಅದನ್ನು ಉಳಿಸಿಕೊಳ್ಳಬೇಡಿ, ಅಂದೇ ಬದಲಿಸಿ.